ಪಟ್ಟಿಯಲ್ಲಿ ಇಲ್ಲದ ಪಾತ್ರೆ

ಸೆಪ್ಟೆಂಬರ್ 29, ಬೆಳಿಗ್ಗೆ 9.10

ಮಳೆ 0.0 ಮಿಲಿಮೀಟರ್. ಸತತ ಐದನೆಯ ಸೊನ್ನೆ. ಮಳೆಮಾಪಕದ ಒಳಗೆ ಎರಡು ಇರುವೆ. ಒರೆಸಿ ಇಟ್ಟೆ.

ಫ್ರಿಜ್ ಖಾಲಿ ಮಾಡುವ ಕೆಲಸ ಶುರು. ಹೊರಡಲು ಹದಿನಾರು ದಿನ. ಇನ್ನೊಂದು ದ್ವೀಪದೇಶದ ಟರಾವಾದ ಹವಾಮಾನ ಕಚೇರಿಯವರಿಗೆ ಆರು ತಿಂಗಳು ತರಬೇತಿ ಕೊಡಬೇಕು, ಅಲ್ಲಿ ಏಳು ಕಡೆ ಹೊಸ ಮಳೆಮಾಪಕ ನಿಲ್ಲಿಸಬೇಕು. ಇಲ್ಲಿನ ಕಚೇರಿಯಲ್ಲಿ ಮೂವರ ಹೆಸರಿತ್ತು. ಉಳಿದಿಬ್ಬರಿಗೆ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ನನಗಿರುವುದು ಮನೆ ಒಂದೇ.

ಆ ಮನೆಯದೇ ಪ್ರಶ್ನೆ. ಕಚೇರಿಯಿಂದ ಫಾರಂ ಬಂದಿದೆ. ಮನೆಯಲ್ಲಿರುವ ಸಾಮಾನುಗಳ ಪಟ್ಟಿ, ಮೂರು ಪ್ರತಿ. ಬಾಡಿಗೆಗೆ ಕೊಡುತ್ತೀರಾ, ಬೀಗ ಹಾಕುತ್ತೀರಾ ಎಂದು ಒಂದು ಕಾಲಂ. ಬೀಗ ಎಂದು ಬರೆದೆ. ಬೇರೆಯವರು ನನ್ನ ಕುರ್ಚಿಯಲ್ಲಿ ಕೂರುವುದು ಬೇಡ.

ಅಕ್ಟೋಬರ್ 2

ಪಟ್ಟಿ ಮುಗಿಯಿತು. 118 ಸಾಮಾನು. ಮಂಚ, ಹಾಸಿಗೆ, ನಾಲ್ಕು ಚಾಪೆ, ಹುಲ್ಲು ಕತ್ತರಿಸುವ ಮಷೀನು, ಟೀ ಕಪ್ಪು ಆರು (ಒಂದಕ್ಕೆ ಹಿಡಿ ಇಲ್ಲ). ಕೊನೆಯ ಸಾಲು, 118: ಮಳೆಮಾಪಕ, ಅಂಗಳದ ಸಿಮೆಂಟ್ ಕಟ್ಟೆಯ ಮೇಲೆ.

ಮಳೆ ಪುಸ್ತಕವನ್ನು ಪಟ್ಟಿಗೆ ಸೇರಿಸಲಿಲ್ಲ. ಅದಕ್ಕೆ ಬೆಲೆ ಬರೆಯಲು ಬರಲಿಲ್ಲ.

ಲೌಟೋಕಾದ ಈ ಮನೆಗೆ ಬಂದ ದಿನದಿಂದ ಬರೆದದ್ದು. ಇಪ್ಪತ್ತೆರಡು ವರ್ಷ, ಐದು ಪುಸ್ತಕ, ಎಂಟು ಸಾವಿರಕ್ಕೂ ಹೆಚ್ಚು ಸಾಲು. ಪ್ರತಿ ದಿನ ಬೆಳಿಗ್ಗೆ ಒಂಬತ್ತಕ್ಕೆ ಹಿಂದಿನ ಇಪ್ಪತ್ನಾಲ್ಕು ಗಂಟೆಯ ಮಳೆ. ಒಂದು ಸಾಲೂ ಖಾಲಿ ಇಲ್ಲ. ನನಗೆ ಕಚೇರಿಯಲ್ಲಿ ಪಾಳಿ ಇದ್ದ ದಿನ ಹೆಂಡತಿ ಅಕಾನಿಸಿ ಅಳೆಯುತ್ತಿದ್ದಳು. ಷರಾ ಕಾಲಂನಲ್ಲಿ ಗಾಳಿಯ ದಿಕ್ಕು ಬರೆಯೇ ಎಂದರೆ ಅವಳು ಬರೆದದ್ದು: "ಬಟ್ಟೆ ಒಣಗಲಿಲ್ಲ." ಹಾಗೆ ಹತ್ತಾರು ಕಡೆ ಇದೆ. ಅವಳು ತೀರಿಕೊಂಡ ದಿನವೂ ಅಂಕಿ ಇದೆ. 3.4. ಆರು ವರ್ಷವಾಯಿತು.

ಇನ್ನು ಆರು ತಿಂಗಳು ಯಾರು ಅಳೆಯುವುದು...

ಅಕ್ಟೋಬರ್ 4

ಪಕ್ಕದ ಮನೆಯ ರಾಮ್‌ಸಮುಜ್ ಮಾಸ್ತರರನ್ನು ಕೇಳಿದೆ. ನಿವೃತ್ತ ಹೆಡ್‌ಮಾಸ್ತರು, ಗಡಿಯಾರದಂಥ ಮನುಷ್ಯ. ಒಪ್ಪಿದರು. ಹೇಗೆ ಅಳೆಯುವುದೆಂದು ತೋರಿಸಲು ಹೋದರೆ ಸಿಟ್ಟು.

"ನಲವತ್ತು ವರ್ಷ ಮಕ್ಕಳ ಕಿವಿ ಹಿಂಡಿ ಗಣಿತ ಕಲಿಸಿದೀನಿ ಕಣಯ್ಯಾ. ನನಗೆ ನೀರು ಅಳೆಯೋದು ಹೇಳ್ಕೊಡ್ತೀಯಾ?"

ಅಳೆದರು. ನೀರನ್ನು ಅಳತೆಯ ಗಾಜಿಗೆ ಸುರಿದು, ನಿಂತೇ ಮೇಲಿನಿಂದ ನೋಡಿ 5.1 ಎಂದರು. ಬಗ್ಗಿ, ನೀರಿನ ಮಟ್ಟಕ್ಕೆ ಕಣ್ಣು ತಂದು ನೋಡಬೇಕು ಎಂದೆ. ಮಂಡಿ ಹಿಡಿದುಕೊಂಡು ಬಗ್ಗಿದರು. 4.6. ಆಮೇಲೆ ಒಳಗಿನಿಂದ ಒಂದು ಮಣೆ ತಂದು ಕಟ್ಟೆಯ ಪಕ್ಕದಲ್ಲಿ ಹಾಕಿಕೊಂಡು ಕೂತೇ ನೋಡಿದರು. ಮತ್ತೆ 4.6. ನಿಯಮವನ್ನು ಅವರೇ ನನಗೆ ತಿರುಗಿ ಹೇಳಿದರು: ಗಾಜಿನಲ್ಲಿ ಅಳೆದದ್ದು ಮಾತ್ರ ಪುಸ್ತಕಕ್ಕೆ. ಅಂದಾಜು ಬರೆಯಕೂಡದು.

ಸರಿಯಾದ ಮನುಷ್ಯ ಸಿಕ್ಕ.

ಅಕ್ಟೋಬರ್ 8

ನಿನ್ನೆ ದೋಣಿಯಲ್ಲಿ ದ್ವೀಪಕ್ಕೆ, ನಮ್ಮ ಊರಿಗೆ. ರುವೆನಿ ಚಿಕ್ಕಪ್ಪನಿಗೆ ಹೇಳದೆ ದೇಶ ಬಿಟ್ಟರೆ ಆಗದು. ಅಪ್ಪನ ತಮ್ಮ, ಈಗ ಮನೆತನಕ್ಕೆ ಹಿರಿಯ. ಬರಿಗೈಯಲ್ಲಿ ಹೋಗಬಾರದೆಂದು ಲೌಟೋಕಾ ಮಾರ್ಕೆಟ್ಟಿನಿಂದ ಯಂಗೋನ ಬೇರಿನ ಒಂದು ಕಟ್ಟು ಒಯ್ದೆ; ಕುಟ್ಟಿ ನೀರಿನಲ್ಲಿ ಕದಡಿ ಕುಡಿಯುವ ಬೇರು, ಹಿರಿಯರಲ್ಲಿ ಏನೇ ಕೇಳುವುದಿದ್ದರೂ ಮೊದಲು ಅದನ್ನು ಮುಂದಿಡುವುದು ಪದ್ಧತಿ. ಒಳ್ಳೆಯ ಕಟ್ಟು, ಉದ್ದ ಬೇರು.

ಚಾಪೆಯ ಮೇಲೆ ಕೂತು ಕಟ್ಟನ್ನು ಮುಂದಿಟ್ಟೆ. ಹೊರಡುವ ವಿಷಯ ಹೇಳಿದೆ. ಹೇಗೂ ಮಾತು ಶುರುವಾಗಿದೆಯಲ್ಲ ಎಂದು ಮನೆಯದನ್ನೂ ಸೇರಿಸಿದೆ. ನನ್ನ ಮನೆಯ ಮೇಲೆ ಮನೆತನದವರ ಕಣ್ಣಿರಲಿ, ಆ ಜಾಗ ಬರಿದಾಗದಿರಲಿ ಎಂದೆ. ಅಪ್ಪ ಮಾತಾಡುತ್ತಿದ್ದ ಧಾಟಿ ತಾನಾಗಿ ಬಾಯಿಗೆ ಬಂತು. ನನಗೇ ಖುಷಿಯಾಯಿತು. ಶನಿವಾರ ಏಡಿ ಮಾರಲು ಲೌಟೋಕಾಕ್ಕೆ ಬಂದಾಗ ಅವರಲ್ಲಿ ಯಾರಾದರೂ ಒಮ್ಮೆ ಇಣುಕಿ ನೋಡಲಿ ಎಂಬುದಷ್ಟೇ ನನ್ನ ಮನಸ್ಸಿನಲ್ಲಿ.

ಚಿಕ್ಕಪ್ಪ ಕಟ್ಟನ್ನು ಮುಟ್ಟಿ, ಕಣ್ಣು ಮುಚ್ಚಿ, ತುಂಬ ಹೊತ್ತು ಮಾತಾಡಿದ. ಸುತ್ತ ಕೂತವರೆಲ್ಲ ಅಂಗೈ ಗುಳಿ ಮಾಡಿ ಚಪ್ಪಾಳೆ ತಟ್ಟಿದರು. ಇರಲಿ ಎಂದು ಒಂದು ಬೀಗದ ಕೈಯನ್ನೂ ಕೊಟ್ಟು ಬಂದೆ. ಉನಾಯ್ಸಿ ಚಿಕ್ಕಮ್ಮ ಅದನ್ನು ಉಟ್ಟ ಬಟ್ಟೆಯ ಅಂಚಿನಲ್ಲಿ ಕಟ್ಟಿಕೊಂಡಳು. ತೆಂಗಿನ ಹಾಲಿನ ಮೀನು, ಕೆಸುವಿನ ಗೆಡ್ಡೆ. ಎರಡು ಸಲ ಹಾಕಿಸಿಕೊಂಡೆ.

ಅಕ್ಟೋಬರ್ 14, ಸಂಜೆ

ಹಾಸಿಗೆ ಸುತ್ತಿ ಗೋಡೆಗೆ ಒರಗಿಸಿದೆ. ಫ್ರಿಜ್ ಆಫ್, ಬಾಗಿಲಿಗೆ ಕೋಲು ಕೊಟ್ಟು ತೆರೆದಿಟ್ಟೆ. ಗ್ಯಾಸ್ ಬಿಚ್ಚಿದೆ. ಸೂರಿನ ಮೇಲೆ ಬಾಗಿದ್ದ ಎರಡು ತೆಂಗಿನ ಗೊನೆ ಇಳಿಸಿದೆ. ಸೂಚನೆಗಳನ್ನು ಬರೆದು, ಸಾಮಾನಿನ ಪಟ್ಟಿಯ ಜೊತೆ ಫ್ರಿಜ್ಜಿಗೆ ಅಂಟಿಸಿದೆ. ಒಟ್ಟು ಇಪ್ಪತ್ತು. ನಾಲ್ಕನೆಯದು ನೀರಿನ ಟ್ಯಾಂಕು. ಒಂಬತ್ತನೆಯದು ಗೆದ್ದಲು. ಹದಿನಾಲ್ಕನೆಯದು: ಚಂಡಮಾರುತದ ಎಚ್ಚರಿಕೆ ಬಂದರೆ, ಪಟ್ಟಿಯಲ್ಲಿರುವ ಸಾಮಾನುಗಳಲ್ಲಿ ಹೊರಗಿರುವುದೆಲ್ಲವನ್ನೂ ಒಳಗೆ ತರಬೇಕು.

ಮತ್ತೆ ಓದಿದೆ. ಏನೂ ಬಿಟ್ಟಿಲ್ಲ.

ಅಕ್ಟೋಬರ್ 16, ಟರಾವಾ

ತಲುಪಿದೆ. ಗಡಿಯಾರ ಬದಲಿಸಬೇಕಿಲ್ಲ, ಅಲ್ಲಿ ಒಂಬತ್ತಾದರೆ ಇಲ್ಲೂ ಒಂಬತ್ತು. 9.08ಕ್ಕೆ ಮಾಸ್ತರರ ಮೆಸೇಜು: "1.2. ಮಂಡಿ ಚೆನ್ನಾಗಿದೆ."

ಇಲ್ಲಿ ಬಿಳಿ ಬಿಸಿಲು. ಎರಡು ತಿಂಗಳಿಂದ ಮಳೆ ಇಲ್ಲವಂತೆ.

ಅಕ್ಟೋಬರ್ 24

ಮಾಸ್ತರರ ಮೆಸೇಜು: "0.0. ನಿನ್ನ ಮನೆಯಲ್ಲಿ ಹನ್ನೊಂದು ಜನ. ನಿನಗೆ ಗೊತ್ತಿದೆಯೆ?"

ಫೋನ್ ಮಾಡಿದೆ. ಚಿಕ್ಕಪ್ಪನೇ ಎತ್ತಿದ. ನನ್ನ ಮನೆಯಿಂದ. ಹಿಂದೆ ನನ್ನ ರೇಡಿಯೋ.

ಏನು ಚಿಕ್ಕಪ್ಪ, ಎಲ್ಲ ಅಲ್ಲೇ ಇದ್ದೀರಿ ಎಂದೆ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಯಂಗೋನ ಇಟ್ಟು ಕೇಳಿದೀಯ. ನಾನು ಮುಟ್ಟಿದೀನಿ. ಇನ್ನು ನೀನು ಬಂದು ಬಿಡಿಸೋ ತನಕ ಆ ಮನೆ ಒಂದು ದಿನ ಖಾಲಿ ಬಿದ್ದರೆ ನಾನು ಊರಲ್ಲಿ ತಲೆ ಎತ್ತಿ ಓಡಾಡೋ ಹಾಗಿಲ್ಲ. ನಿಮ್ಮಪ್ಪ ಇದ್ದಿದ್ರೆ ಇದನ್ನ ನಾನು ನಿನಗೆ ಹೇಳಬೇಕಾಗಿತ್ತಾ?"

ಹೇಳಬೇಕಾಗಿರಲಿಲ್ಲ. ಬರಿಯ ಮಾತಿನಲ್ಲಿ ಹೇಳಿದ್ದರೆ ಬರಿಯ ಮಾತಾಗಿರುತ್ತಿತ್ತು. ಕಟ್ಟು ಮುಂದಿಟ್ಟು ಕೇಳಿದ್ದು ನಾನು. ಮೂವತ್ತು ವರ್ಷ ಪಟ್ಟಣದಲ್ಲಿದ್ದು ಮರೆತದ್ದೂ ನಾನೇ. ದೂರುವುದು ಯಾರನ್ನು?

ಊರಿನವರು ಸರದಿ ಹಾಕಿಕೊಂಡಿದ್ದಾರೆ. ಚಿಕ್ಕಪ್ಪ, ಚಿಕ್ಕಮ್ಮ ಕಾಯಂ. ಉಳಿದವರು ತಿಂಗಳಿಗೊಮ್ಮೆ ಬದಲು. ಚಿಕ್ಕಪ್ಪ ನನ್ನ ಕುರ್ಚಿಯಲ್ಲಿ ಕೂತಿರಬೇಕು, ಧ್ವನಿಯಲ್ಲೇ ಗೊತ್ತಾಯಿತು.

ಮಳೆಮಾಪಕ ಮುಟ್ಟಬೇಡಿ, ಅದು ಮಾಸ್ತರರ ಕೆಲಸ ಎಂದಷ್ಟು ಹೇಳಿ ಇಟ್ಟೆ.

ನವೆಂಬರ್ 11

ಮನೆ: 8.8. ಇಲ್ಲಿ: 0.0.

ಇಲ್ಲಿನ ಕಚೇರಿಯಲ್ಲಿ ನನ್ನ ಜೊತೆ ಕೆಲಸ ಮಾಡುವವಳು ತಬೇರಾ. ಮೂವತ್ತರ ಹೆಣ್ಣುಮಗಳು, ನನಗಿಂತ ಚುರುಕು. ಮೂರನೆಯ ಮಳೆಮಾಪಕ ನಿಲ್ಲಿಸಿ ಬಂದೆವು. ಇಷ್ಟು ಕಷ್ಟಪಟ್ಟು ನಿಲ್ಲಿಸಿದ್ದೇವೆ, ಒಂದು ಹನಿಯಾದರೂ ಬರಲಿ ಎಂದೆ.

"ಬಂದರೂ ನಿಮ್ಮ ಗಾಜಿಗೆ ಸಿಗೋದಿಲ್ಲ, ಸಾರ್. ನಾವು ಮೊದಲು ಕುಡೀತೀವಿ, ಆಮೇಲೆ ಅಳೀತೀವಿ."

ಸಂಜೆ ಅವಳ ಮನೆಯಿಂದ ಕೇದಗೆ ಹಣ್ಣಿನ ಹಲ್ವದಂಥದ್ದು ಬಂತು. ಗಟ್ಟಿ, ಸಿಹಿ. ಹಲ್ಲಿಗೆ ಕೆಲಸ.

ಡಿಸೆಂಬರ್ 26

ನಿನ್ನೆ ಹಬ್ಬಕ್ಕೆ ಮನೆಗೆ ಫೋನ್. ಅಂಗಳದಲ್ಲಿ ನೆಲದೊಲೆ ತೋಡಿದ್ದಾರೆ. ಎಲ್ಲಿ ತೋಡಿದಿರಿ, ಮಳೆಮಾಪಕದಿಂದ ಎಷ್ಟು ದೂರ ಎಂದು ಕೇಳಿದೆ. ಹತ್ತು ಹೆಜ್ಜೆ ಎಂದರು. ಯಾರ ಹೆಜ್ಜೆ ಎಂದೆ. ಆ ಕಡೆ ನಗು. ಮಾಸ್ತರರಿಗೂ ಊಟ ಹೋಗಿದೆ, ಅವರು ಮಾಂಸ ತಿನ್ನುವುದಿಲ್ಲವೆಂದು ಕೆಸುವನ್ನೂ ದೀವಿಹಲಸನ್ನೂ ಬೇರೆಯಾಗಿ ಸುಟ್ಟರಂತೆ. ಈ ಇಪ್ಪತ್ತೆರಡು ವರ್ಷದಲ್ಲಿ ನಾನು ಅವರನ್ನು ಒಮ್ಮೆಯೂ ಊಟಕ್ಕೆ ಕರೆದಿಲ್ಲ. ಈಗ ಹೊಳೆಯಿತು.

ಬೆಳಗಿನ ಅಂಕಿ: 31.0. ಮಾಸ್ತರರ ಷರಾ: "ಊಟ ಉತ್ತಮ."

ಜನವರಿ 20

ತೊಂದರೆ. ಮಾಸ್ತರರಿಗೆ ಕಣ್ಣಿನ ಆಪರೇಷನ್, ರಾಜಧಾನಿ ಸುವಾದಲ್ಲಿ. ಮಗಳ ಮನೆಯಲ್ಲಿ ಒಂದು ತಿಂಗಳು. ಕೆಲಸವನ್ನು ಉನಾಯ್ಸಿ ಚಿಕ್ಕಮ್ಮನಿಗೆ ಒಪ್ಪಿಸಿದ್ದಾರೆ. ಮೂರು ದಿನ ಪಕ್ಕದಲ್ಲಿ ನಿಂತು ಪರೀಕ್ಷೆ ಮಾಡಿದರಂತೆ. ಫೋನಿನಲ್ಲಿ ಹೇಳಿದರು:

"ನಿನಗಿಂತ ಚೆನ್ನಾಗಿ ಬಗ್ತಾರೆ. ಕಣ್ಣೂ ಚುರುಕು. ಚಾಪೆ ಹೆಣೆಯೋರು ನೋಡು, ಒಂದೆಳೆ ಆಚೆ ಈಚೆ ಆಗೋಲ್ಲ. ಫೇಲ್ ಮಾಡೋಕೆ ನೋಡ್ದೆ, ಆಗಲಿಲ್ಲ."

ಚಿಕ್ಕಮ್ಮನಿಗೆ ಮೆಸೇಜು ಕಳಿಸುವುದು ಇಷ್ಟವಿಲ್ಲ. ಪುಸ್ತಕದಲ್ಲಿ ಬರೆದಿಡುತ್ತಾಳೆ. ಒಪ್ಪಿಸುವುದೆಲ್ಲ ನೀನು ಬಂದಾಗ ಎದುರಿಗೇ ಎಂದಳು. ಇನ್ನು 9.08ಕ್ಕೆ ಫೋನ್ ಸದ್ದು ಮಾಡುವುದಿಲ್ಲ. ಆ ಹೊತ್ತಿಗೆ ನೋಡುವುದು ಅಭ್ಯಾಸವಾಗಿತ್ತು.

ಫೆಬ್ರವರಿ 3, ಮಧ್ಯಾಹ್ನ

ಚಂಡಮಾರುತ. ನಿನ್ನೆಯವರೆಗೆ ಪಶ್ಚಿಮಕ್ಕೆ ಸರಿಯುತ್ತದೆ ಎಂದುಕೊಂಡದ್ದು ತಿರುಗಿದೆ. ಕಂಪ್ಯೂಟರಿನಲ್ಲಿ ಅದರ ದಾರಿ ಲೌಟೋಕಾದ ಮೇಲೆಯೇ. ಇಂಥ ನಕ್ಷೆಗಳನ್ನು ಮೂವತ್ತು ವರ್ಷ ನೋಡಿದ್ದೇನೆ. ಗೆರೆಯ ಕೆಳಗೆ ಹನ್ನೊಂದು ಜನ ನನ್ನವರು ಎಂದು ನೋಡಿರಲಿಲ್ಲ.

ಬೆಳಿಗ್ಗೆ ಹನ್ನೊಂದು ಗಂಟೆಗೆ ಫೋನ್ ಸಿಕ್ಕಿತು. ಕಿಟಕಿಗೆ ಹಲಗೆ ಹೊಡೆಯುತ್ತಿದ್ದರು. ನಿನ್ನ ಸೂಚನೆ ನೋಡಿಕೊಂಡೇ ಮಾಡುತ್ತಿದ್ದೇವೆ ಎಂದ ಚಿಕ್ಕಪ್ಪ. ಎಲ್ಲರೂ ಶಾಲೆಯ ಕಟ್ಟಡಕ್ಕೆ ಹೋಗಿ ಎಂದೆ. ಮನೆ ಬಿಟ್ಟು ಹೇಗೆ ಎಂದ. ಮನೆ ಹಾಳಾಗಲಿ ಎಂದೆ. ಕೇಳಿಸಲಿಲ್ಲವೋ, ಕೇಳಿಸದ ಹಾಗೆ ಮಾಡಿದನೋ.

ಫೆಬ್ರವರಿ 5

ಲೈನ್ ಇಲ್ಲ.

ಫೆಬ್ರವರಿ 6

ಇಲ್ಲ. ತಬೇರಾ ಟೀ ತಂದಿಟ್ಟಳು. ಆರಿತು. ಇನ್ನೊಂದು ತಂದಳು.

ಫೆಬ್ರವರಿ 9, ಬೆಳಿಗ್ಗೆ 10.30

ಸಿಕ್ಕರು. ಎಲ್ಲರೂ ಕ್ಷೇಮ. ಮನೆಯೂ ನಿಂತಿದೆ. ಸೂರಿನ ಮೇಲೆ ದೋಣಿಯ ಹಗ್ಗ ಎಳೆದು ಎರಡೂ ಕಡೆ ಗೂಟಕ್ಕೆ ಬಿಗಿದು, ಗಾಳಿ ದಿಕ್ಕು ಬದಲಿಸಿದಂತೆಲ್ಲ ಬಾಗಿಲು ಒಂದು ಮುಚ್ಚಿ ಒಂದು ತೆರೆದು ನಿಭಾಯಿಸಿದರಂತೆ. ಬೀದಿಯಾಚೆ ಬೀಗ ಹಾಕಿದ್ದ ಎರಡು ಮನೆಗಳ ತಗಡು ಕಬ್ಬಿನ ಗದ್ದೆಯಲ್ಲಿ ಸಿಕ್ಕಿದೆ. ನಾನು ಬೀಗ ಹಾಕಿ ಬಂದಿದ್ದರೆ ನನ್ನದೂ ಅಲ್ಲೇ ಇರುತ್ತಿತ್ತು. ಇದನ್ನು ಬರೆದಿಡಬೇಕು, ಬರೆದೆ.

ಆಮೇಲೆ ಚಿಕ್ಕಮ್ಮ ಫೋನಿಗೆ ಬಂದಳು. ಪಟ್ಟಿಯಲ್ಲಿದ್ದದ್ದು ಒಂದೂ ಹೋಗಿಲ್ಲ ಎಂದಳು. ಹದಿನಾಲ್ಕನೆಯ ಸೂಚನೆಯಂತೆ ಹೊರಗಿದ್ದದ್ದನ್ನೆಲ್ಲ ಒಳಗೆ ತಂದೆವು ಎಂದಳು.

"ನಿನ್ನ ಮಳೆ ಡಬ್ಬಿ ಇದೆಯಲ್ಲ, ನೂರಾ ಹದಿನೆಂಟು, ಅದಕ್ಕೆ ಚಾಪೆ ಸುತ್ತಿ ನಿನ್ನ ಮಂಚದ ಕೆಳಗೆ ಇಟ್ಟಿದ್ವಿ, ಮಗಾ. ಒಂದು ಗೀರೂ ಬಿದ್ದಿಲ್ಲ."

ಎಷ್ಟು ದಿನ ಎಂದು ಕೇಳಿದೆ. ಎರಡು ದಿನ. ಮೂರರ ಬೆಳಿಗ್ಗೆಯಿಂದ ಐದರವರೆಗೆ.

ಪಟ್ಟಿ ಬರೆದದ್ದು ನಾನು. ಸೂಚನೆ ಬರೆದದ್ದೂ ನಾನು. ಎರಡು ಸಲ ಓದಿದ್ದೂ ನಾನೇ. ಒಳ್ಳೆಯದಾಯಿತು ಚಿಕ್ಕಮ್ಮ ಎಂದೆ.

ಅವಳು ಮುಂದುವರಿಸಿದಳು: "ನನ್ನ ದೊಡ್ಡ ಪಾತ್ರೆ ಮಾತ್ರ ಪಟ್ಟೀಲಿ ಇರಲಿಲ್ಲ ನೋಡು, ಅದು ಹೊರಗೇ—" ಲೈನ್ ಹೋಯಿತು.

ಪಾಪ, ಪಾತ್ರೆ ಗಾಳಿಗೆ ಹೋಗಿರಬೇಕು.

ಫೆಬ್ರವರಿ 10

ಫೆಬ್ರವರಿ 4, 5. ಎರಡು ಸಾಲು.

ಲೌಟೋಕಾ ಕಚೇರಿಯ ಮಳೆಮಾಪಕದ ಅಂಕಿ ಸಿಗುತ್ತದೆ. ಅದು ನನ್ನ ಅಂಗಳದ್ದಲ್ಲ. ಹಾಕಿದರೆ ಯಾರಿಗೂ ಗೊತ್ತಾಗದು, ನನಗೆ ಗೊತ್ತಿರುತ್ತದೆ. ಎರಡು ಅಡ್ಡಗೆರೆ, ಅಷ್ಟೇ. ಇಪ್ಪತ್ತೆರಡು ವರ್ಷದಲ್ಲಿ ಅತಿ ಹೆಚ್ಚು ಮಳೆ ಬಿದ್ದ ದಿನವೇ ಇರಬಹುದು ಅದು. ಮಳೆಮಾಪಕ ಮಂಚದ ಕೆಳಗೆ ಬೆಚ್ಚಗೆ ಮಲಗಿತ್ತು.

ತಬೇರಾಳಿಗೆ ಹೇಳಿದೆ. ಮೊದಲು ನಕ್ಕಳು. ಆಮೇಲೆ ಕೇಳಿದಳು, ಎರಡು ಸಾಲು ಖಾಲಿ ಬಿಟ್ಟರೆ ಉಳಿದ ಎಂಟು ಸಾವಿರ ಸುಳ್ಳಾಗುತ್ತದೆಯೇ ಎಂದು. ಇಲ್ಲ ಎಂದೆ. ಮತ್ತೇನು ಎಂದಳು. ಅಕಾನಿಸಿಯ ಕೈಬರಹ ಇದೆ ಅದರಲ್ಲಿ ಎಂದೆ. ಮಧ್ಯಾಹ್ನ ಮೀನು ತಂದುಕೊಟ್ಟಳು.

ಮಾರ್ಚ್ 12

ಏಳನೆಯ ಮಳೆಮಾಪಕವೂ ನಿಂತಿತು. ಮಾಸ್ತರರು ಸುವಾದಿಂದ ವಾಪಸು, ಅಂಕಿ ಮತ್ತೆ ಬರುತ್ತಿದೆ. 14.2 ಎಂದು ಕಳಿಸಿ, ಈಗ ಮಣೆ ಬೇಡ, ದೂರದಿಂದಲೇ ಕಾಣುತ್ತದೆ ಎಂದು ಬರೆದಿದ್ದಾರೆ. ಆ ಎರಡು ದಿನದ ಬಗ್ಗೆ ಕೇಳಿದೆ. ಸಾಲು ಖಾಲಿ ಇದೆ, ಗಾಜಿನಲ್ಲಿ ಅಳೆದದ್ದಲ್ಲವಾದ್ದರಿಂದ ನಾನು ಏನೂ ಬರೆದಿಲ್ಲ, ಉಳಿದದ್ದು ಉನಾಯ್ಸಿಯವರು ನಿನಗೆ ಹೇಳುತ್ತಾರೆ ಎಂದರು. ಉಳಿದದ್ದು ಏನು? ಹೆಡ್‌ಮಾಸ್ತರು ಬಾಯಿ ಬಿಡಲಿಲ್ಲ.

ಏಪ್ರಿಲ್ 9

ಇಲ್ಲಿ ಮಳೆ ಬಂತು. ಬೆಳಿಗ್ಗೆ ಏಳಕ್ಕೆ. ರಸ್ತೆಯಲ್ಲೆಲ್ಲ ಬಕೆಟ್ಟು, ಡ್ರಮ್ಮು, ಮಕ್ಕಳು. ತಬೇರಾ ಒದ್ದೆ ತಲೆಯಲ್ಲೇ ಬಂದು ಅಳೆದಳು. 22.6. ಮೊದಲು ಕುಡಿದೆಯಾ ಎಂದು ಕೇಳಿದೆ. ಕುಡಿದೆ ಎಂದಳು.

ಚಿಕ್ಕಮ್ಮನಿಗೆ ದೊಡ್ಡದೊಂದು ಅಲ್ಯೂಮಿನಿಯಂ ಪಾತ್ರೆ ಕೊಂಡೆ. ವಿಮಾನದವರು ಅದನ್ನು ಸಾಮಾನಿನ ಜೊತೆ ಹಾಕುವುದಿಲ್ಲವಂತೆ. ಮಡಿಲಲ್ಲಿಟ್ಟುಕೊಂಡೇ ಹೋಗಬೇಕು.

ಏಪ್ರಿಲ್ 16, ಮನೆ, ಸಂಜೆ

ಪಾತ್ರೆ ಹೊತ್ತುಕೊಂಡೇ ಗೇಟು ದಾಟಿದೆ. ಹದಿಮೂರು ಜನ ಸಾಲಾಗಿ ಕೂತಿದ್ದರು, ಮಾಸ್ತರರೂ ಸೇರಿ. ನನ್ನನ್ನು ನನ್ನ ಮನೆಯಲ್ಲೇ ಅತಿಥಿಯ ಜಾಗದಲ್ಲಿ ಕೂರಿಸಿದರು.

ಚಿಕ್ಕಪ್ಪ ಫ್ರಿಜ್ಜಿನ ಮೇಲಿನ ಪಟ್ಟಿ ತೆಗೆದು ಓದಿದ. ಒಂದರಿಂದ ನೂರಾ ಹದಿನೆಂಟು. ಪ್ರತಿಯೊಂದಕ್ಕೂ ಯಾರಾದರೂ ಎದ್ದು ಆ ಸಾಮಾನು ತೋರಿಸಿದರು. ಒಂದೂವರೆ ಗಂಟೆ. ಟೀ ಕಪ್ಪು ಆರಕ್ಕೆ ಆರು ಇತ್ತು. ಹಿಡಿ ಇಲ್ಲದಿದ್ದದ್ದಕ್ಕೆ ಹಿಡಿ ಬಂದಿದೆ, ತೆಂಗಿನ ನಾರು ಹೆಣೆದು ಬಿಗಿದದ್ದು. ನೂರಾ ಹದಿನೆಂಟಕ್ಕೆ ಎಲ್ಲರೂ ಅಂಗಳದ ಕಡೆ ಕೈ ತೋರಿದರು.

ಆಮೇಲೆ ನಾನು ತಂದ ಪಾತ್ರೆಯನ್ನು ಚಿಕ್ಕಮ್ಮನ ಮುಂದಿಟ್ಟೆ. ಗಾಳಿಗೆ ಹೋದದ್ದರ ಬದಲು ಎಂದೆ. ಅವಳು ನಕ್ಕ ನಗುವಿಗೆ ಪಕ್ಕದಲ್ಲಿ ಕೂತವಳು ಬೆನ್ನು ತಟ್ಟಬೇಕಾಯಿತು.

"ಎಲ್ಲಿಗೋ ಹೋಗತ್ತೆ ಅದು? ಅಡುಗೆ ಮನೇಲಿದೆ, ನಿನಗೇ ಗೆಡ್ಡೆ ಬೇಯ್ತಾ ಇದೆ ಅದರಲ್ಲಿ."

ಹೊರಗಿತ್ತು ಎಂದೆಯಲ್ಲ, ಎಂದೆ.

"ಹೊರಗೇ ಇತ್ತು. ನಿನ್ನ ಡಬ್ಬೀನ ಒಳಗೆ ತಂದ ಮೇಲೆ ಆ ಕಟ್ಟೆ ಖಾಲಿ ಕಾಣ್ತು. ಜಾಗ ಬರಿದಾಗದಿರಲಿ ಅಂತ ಯಂಗೋನ ಇಟ್ಟು ಕೇಳಿದೀಯ. ಅದಕ್ಕೆ ನನ್ನ ಪಾತ್ರೆ ತಂದು ಕೂರಿಸ್ದೆ, ಹಗ್ಗ ಹಾಕಿ ಕಟ್ಟೆಗೆ ಬಿಗಿದೆ. ಒಂಬತ್ತು ಗಂಟೆಗೆ ನೋಡ್ತೀನಿ, ನೀರಿದೆ. ನಿನ್ನ ಗಾಜಿಗೆ ಹಿಡಿಸೋ ಅಷ್ಟಲ್ಲ. ಚಾಪೆಗೆ ಒಣಗಿಸಿಟ್ಟ ಕೇದಗೆ ಗರಿ ಇತ್ತು. ತಳ ಮುಟ್ಟೋ ಹಾಗೆ ಅದ್ದಿ, ಒದ್ದೆ ಆದಷ್ಟಕ್ಕೆ ಕತ್ತರಿಸ್ದೆ. ನೀರು ಚೆಲ್ಲಿ ಮತ್ತೆ ಇಟ್ಟೆ. ಮಾರನೇ ದಿನಾನೂ ಹಾಗೇ."

ಆ ಗಾಳಿಯಲ್ಲಿ ಹೊರಗೆ ಹೋದೆಯಾ ಎಂದೆ. ಚಿಕ್ಕಪ್ಪ ಉತ್ತರ ಕೊಟ್ಟ. "ಸೊಂಟಕ್ಕೆ ಹಗ್ಗ ಕಟ್ಟಿ ನಾನು ಬಾಗಿಲಲ್ಲಿ ಹಿಡ್ಕೊಂಡಿದ್ದೆ. ಲಂಗರು ಹಾಕಿದ ದೋಣಿ ಹಾಗೆ."

ಮಾಸ್ತರರು ಮಳೆ ಪುಸ್ತಕ ತಂದು ನನ್ನ ಮುಂದೆ ಬಿಚ್ಚಿದರು. ಫೆಬ್ರವರಿಯ ಪುಟ. ನಾಲ್ಕು, ಐದು: ಎರಡು ಖಾಲಿ ಸಾಲು. ಅವುಗಳ ಮೇಲೆ ಎರಡು ಗರಿ. ಒಂದು ಉದ್ದ, ಒಂದು ಗಿಡ್ಡ.

ಊಟಕ್ಕೆ ಕರೆದರು. ಪುಸ್ತಕ ಮುಚ್ಚಲು ಮನಸ್ಸಾಗಲಿಲ್ಲ, ತೆರೆದೇ ಇಟ್ಟು ಎದ್ದೆ.

ಏಪ್ರಿಲ್ 17, ಬೆಳಿಗ್ಗೆ 8.20

ಚಿಕ್ಕಮ್ಮನ ಪಾತ್ರೆ ಅಳೆದೆ. ಬಾಯಿ 38 ಸೆಂಟಿಮೀಟರ್, ತಳ 38. ನೇರ ಗೋಡೆ. ನೇರ ಗೋಡೆಯ ಪಾತ್ರೆ ಎಷ್ಟೇ ಅಗಲ ಇರಲಿ, ನಿಂತ ನೀರಿನ ಎತ್ತರವೇ ಬಿದ್ದ ಮಳೆ. ಹೊಸಬರಿಗೆ ಮೊದಲ ದಿನ ನಾನು ಹೇಳಿಕೊಡುವ ಪಾಠ ಅದು. ಗಾಳಿಗೆ ಒಂದಿಷ್ಟು ಪಕ್ಕಕ್ಕೆ ಹಾರಿರುತ್ತದೆ. ಅದು ನನ್ನ ಮಳೆಮಾಪಕದಲ್ಲೂ ಹಾರುತ್ತಿತ್ತು.

ಅಳತೆಗೋಲಿನ ಪಕ್ಕದಲ್ಲಿ ಗರಿಗಳನ್ನು ಚಪ್ಪಟೆಯಾಗಿ ಒತ್ತಿ ಹಿಡಿದೆ. ಉದ್ದದ್ದು 212 ಮಿಲಿಮೀಟರ್. ಗಿಡ್ಡದ್ದು 67. ಮೂರು ಸಲ ನೋಡಿದೆ, ಬಗ್ಗಿ, ಕಣ್ಣು ಮಟ್ಟಕ್ಕೆ ತಂದು.

ಪೆನ್ಸಿಲ್ ತೆಗೆದುಕೊಂಡೆ. ಇಟ್ಟೆ. ಪೆನ್ ತೆಗೆದುಕೊಂಡೆ. ಎರಡೂ ಸಾಲು ಬರೆದೆ. ಷರಾ: "ಪಾತ್ರೆಯಲ್ಲಿ ಅಳೆದದ್ದು. ಅಳೆದವರು ಉನಾಯ್ಸಿ." ಕಾಲಂನಲ್ಲಿ ಇನ್ನೂ ಜಾಗವಿತ್ತು. "ಬಟ್ಟೆ ಒಣಗಲಿಲ್ಲ" ಎಂದು ಸೇರಿಸಿದೆ. ಮಾಸ್ತರರು ನೋಡಿದರೆ ಕೆಂಪು ಗೆರೆ ಎಳೆಯುತ್ತಾರೆ. ಎಳೆಯಲಿ.

ಇನ್ನು ಯಂಗೋನದ ಇನ್ನೊಂದು ಕಟ್ಟು ಮುಂದಿಟ್ಟು ಇವರನ್ನು ಹೊಣೆಯಿಂದ ಬಿಡಿಸಬೇಕು. ಬಿಡಿಸದ ಹೊರತು ಯಾರೂ ಊರಿಗೆ ಹೊರಡುವ ಹಾಗಿಲ್ಲ. ನಿನ್ನೆ ಏರ್‌ಪೋರ್ಟಿನಿಂದ ಬರುವಾಗಲೇ ಕಟ್ಟು ಕೊಂಡಿದ್ದೇನೆ. ಚೀಲದಲ್ಲಿದೆ. ಇವತ್ತೇ ಕೊಡುವುದು ಸರಿ.

ಚಿಕ್ಕಪ್ಪ ನನ್ನ ಕುರ್ಚಿಯಲ್ಲಿ ಕೂತು ರೇಡಿಯೋ ತಿರುಗಿಸುತ್ತಿದ್ದಾನೆ. ಅಡುಗೆ ಮನೆಯಲ್ಲಿ ಎರಡೂ ಪಾತ್ರೆ ಒಲೆಯ ಮೇಲಿವೆ. ಒಂದು ವಾರ ಹೋಗಲಿ. ಚೀಲವನ್ನು ಬೀರುವಿನ ಮೇಲೆ ಇಟ್ಟೆ, ಹಿಂದಕ್ಕೆ ತಳ್ಳಿ.

8.55

ಆರರಿಂದ ಜಿನುಗುತ್ತಿದೆ. ನಾಲ್ಕೈದು ಮಿಲಿಮೀಟರ್ ಇರಬಹುದು. ಅಂದಾಜು ಬರೆಯಕೂಡದು. ಆರು ತಿಂಗಳ ಮೇಲೆ ಇವತ್ತು ನಾನೇ ಅಳೆಯಬೇಕು, ಗಾಜು ಎಲ್ಲಿಟ್ಟಿದ್ದಾರೋ... ಗೂಡಿನಲ್ಲಿಲ್ಲ. ಕಿಟಕಿಯಾಚೆ ಚಿಕ್ಕಮ್ಮ, ತಲೆಯ ಮೇಲೆ ಬಾಳೆ ಎಲೆ, ಕೈಯಲ್ಲಿ ಗಾಜು, ಆಗಲೇ ಕಟ್ಟೆಯ ಹತ್ತಿರ ಬಗ್ಗಿ—